ಹೃದಯ ತಾನೇ ತಯಾರಿಸುವ ಬಿಪಿ ಔಷಧಿ

2025ರ ಜೂನ್-ಜುಲೈ ನೆನಪಿದೆಯಲ್ಲ? ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹಠಾತ್ ಸಾವಿನ ಸುದ್ದಿ. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಟಿವಿಯಲ್ಲಿ ದಿನವಿಡೀ ಅದೇ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳ್ಳಂಬೆಳಗ್ಗೆ ಜನ ಸಾಲು ನಿಂತರು. ಎದೆನೋವಿಗಿಂತ ಭಯಕ್ಕೆ ಬಂದವರೇ ಜಾಸ್ತಿ. ಎಲ್ಲರಿಗೂ ಬೇಕಾಗಿದ್ದು ಒಂದು ಇಸಿಜಿ. ಆಮೇಲೆ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ವರದಿ ಕೊಟ್ಟಿತು. ಹಾಸನದಲ್ಲಿ ಹೃದಯದ ಸಾವುಗಳು ಅಸಹಜವಾಗಿ ಏರಿಲ್ಲ ಎಂದು ಹೇಳಿತು. ಸಾಲು ಕರಗಿತು.

ಆ ಸಾಲಿನಲ್ಲಿ ನಿಂತಿದ್ದವರಲ್ಲಿ ಎಷ್ಟು ಜನ ಹಿಂದಿನ ಒಂದು ವರ್ಷದಲ್ಲಿ ಒಮ್ಮೆಯಾದರೂ ಬಿಪಿ ನೋಡಿಸಿಕೊಂಡಿದ್ದರೋ, ನನಗೆ ಆಗ ಬಂದಿದ್ದು ಅದೇ ಪ್ರಶ್ನೆ. ಇಸಿಜಿ ತೋರಿಸುವುದು ಆ ಕ್ಷಣದ ಹೃದಯವನ್ನು. ಬಿಪಿ ಕೆಲಸ ಮಾಡುವುದು ಹತ್ತು-ಹದಿನೈದು ವರ್ಷದ ಲೆಕ್ಕದಲ್ಲಿ. ಆ ವರ್ಷಗಳಲ್ಲಿ ಹೃದಯ ಸುಮ್ನೆ ಕೂತಿರುವುದಿಲ್ಲ. ತನ್ನ ಗೋಡೆ ದಪ್ಪ ಮಾಡಿಕೊಳ್ಳುತ್ತದೆ. ಜೊತೆಗೆ, ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಕೆಲಸ ಮಾಡುತ್ತದೆ. ಬಿಪಿ ಇಳಿಸುವ ಹಾರ್ಮೋನನ್ನು ತಾನೇ ತಯಾರಿಸಿ ರಕ್ತಕ್ಕೆ ಬಿಡುತ್ತದೆ.

ಮೊದಲು ಗೋಡೆಯ ವಿಷಯ.

ಬಿಪಿ 120 ಅಂದರೆ 120 ಮಿಲಿಮೀಟರ್ ಪಾದರಸದಷ್ಟು ಒತ್ತಡ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಹಾಗಾಗಿ ನೀರಿನ ಲೆಕ್ಕದಲ್ಲಿ ಅದು ಸುಮಾರು 163 ಸೆಂಟಿಮೀಟರ್, ಐದಡಿ ನಾಲ್ಕಿಂಚು. ಒಬ್ಬ ಮನುಷ್ಯನ ಎತ್ತರ ಅಂದುಕೊಳ್ಳಿ. ಬಿಪಿ 180 ಆದರೆ ಅದೇ ಲೆಕ್ಕ ಎಂಟು ಅಡಿಗೆ ಹೋಗುತ್ತದೆ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಎಂಬಾತ ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಸಿಕ್ಕಿಸಿ, ರಕ್ತ ಎಂಟು ಅಡಿಗೂ ಮೇಲೆ ಏರಿದ್ದನ್ನು ನೋಡಿ 1733ರಲ್ಲಿ ಬರೆದಿಟ್ಟಿದ್ದಾನೆ. ಬಿಪಿ ಅಳೆದ ಮೊದಲ ದಾಖಲೆ ಅದೇ. ಪಾಪ, ಕುದುರೆ ಉಳಿಯಲಿಲ್ಲ.

ಈಗ ತೋಟದ ಮೋಟರ್ ನೆನಪಿಸಿಕೊಳ್ಳಿ. ಐದಡಿ ಎತ್ತರದ ತೊಟ್ಟಿಗೆ ನೀರು ಹಾಕುತ್ತಿದ್ದ ಮೋಟರಿಗೆ ಎಂಟಡಿ ಎತ್ತರಕ್ಕೆ ಹಾಕು ಅಂದರೆ ಏನಾಗುತ್ತದೆ? ಮೋಟರ್ ಬಿಸಿಯಾಗುತ್ತದೆ, ಒಂದು ದಿನ ಸುಟ್ಟುಹೋಗುತ್ತದೆ. ಹೃದಯಕ್ಕೆ ಆ ಅನುಕೂಲ ಇಲ್ಲ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯಲೇಬೇಕು. ಹಾಗಾಗಿ ಅದು ಮೋಟರ್ ಮಾಡಲಾಗದ್ದನ್ನು ಮಾಡುತ್ತದೆ. ಎಡಭಾಗದ ಕೆಳಕೋಣೆಯ ಗೋಡೆಯನ್ನು ದಪ್ಪ ಮಾಡಿಕೊಳ್ಳುತ್ತದೆ. ಇಡೀ ಮೈಗೆ ರಕ್ತ ತಳ್ಳುವುದು ಈ ಕೋಣೆಯೇ. ಗೋಡೆ ದಪ್ಪವಾದಷ್ಟೂ ಒತ್ತಡದ ಎಳೆತ ಸ್ನಾಯುವಿನ ಹೆಚ್ಚು ಎಳೆಗಳಿಗೆ ಹಂಚಿಹೋಗುತ್ತದೆ, ಒಂದೊಂದು ಎಳೆಯ ಪಾಲಿಗೆ ಕಡಿಮೆ ಬೀಳುತ್ತದೆ. ಇದರ ಗಣಿತ ಫ್ರಾನ್ಸಿನ ಲಾಪ್ಲಾಸ್ ಹೇಳಿದ ನಿಯಮದಿಂದ ಬಂದಿದ್ದು. ಬಲೂನಿಗೂ ಅದೇ ನಿಯಮ, ಹೃದಯಕ್ಕೂ ಅದೇ.

ಹೃದಯದ ಸ್ನಾಯುವಿನ ಜೀವಕೋಶಗಳು ಇಲ್ಲಿ ಸಂಖ್ಯೆಯಲ್ಲಿ ಹೆಚ್ಚುವುದಿಲ್ಲ. ಇರುವ ಕೋಶಗಳೇ ಒಳಗೊಳಗೆ ಹೊಸ ಎಳೆಗಳನ್ನು ಅಕ್ಕಪಕ್ಕ ಜೋಡಿಸಿಕೊಂಡು ದಪ್ಪವಾಗುತ್ತವೆ. ಆರೋಗ್ಯವಂತ ಗಂಡಸರಲ್ಲಿ ಈ ಗೋಡೆ 6ರಿಂದ 10 ಮಿಲಿಮೀಟರ್ ಇರುತ್ತದೆ. ಹೆಂಗಸರಲ್ಲಿ 9ರವರೆಗೆ. ಬಿಪಿ ಬಹಳ ಕಾಲ ಹೆಚ್ಚಿದ್ದವರಲ್ಲಿ 13, 14, 15 ಕಾಣುವುದು ಹೊಸದೇನಲ್ಲ.

ಸರಿ, ಜಿಮ್‌ಗೆ ಹೋಗಿ ತೋಳು ದಪ್ಪ ಮಾಡಿಕೊಂಡರೆ ಮೆಚ್ಚುತ್ತೇವೆ, ಹೃದಯದ ಸ್ನಾಯು ದಪ್ಪವಾದರೆ ಒಳ್ಳೇದೇ ಅಲ್ವಾ? ಈ ಪ್ರಶ್ನೆಯನ್ನು ನಾನೇ ಒಮ್ಮೆ ವೈದ್ಯರೊಬ್ಬರಿಗೆ ಕೇಳಿದ್ದೆ. ಓಟಗಾರರ ಹೃದಯವೂ ದೊಡ್ಡದಾಗುತ್ತದೆ, ಬಸುರಿಯರದ್ದೂ ಆಗುತ್ತದೆ. ಎರಡೂ ಬಹುತೇಕ ತಿರುಗಿ ಮೊದಲಿನಂತಾಗುತ್ತವೆ. ಓಟಗಾರನಿಗೆ ಒತ್ತಡ ಬೀಳುವುದು ದಿನಕ್ಕೆ ಒಂದೆರಡು ಗಂಟೆ, ಉಳಿದ ಹೊತ್ತು ಬಿಡುವು. ಬಿಪಿ ಇದ್ದವರ ಹೃದಯಕ್ಕೆ ನಿದ್ದೆಯಲ್ಲೂ ಬಿಡುವಿಲ್ಲ. ಸ್ನಾಯು ದಪ್ಪವಾದ ವೇಗಕ್ಕೆ ಅದಕ್ಕೆ ರಕ್ತ ಕೊಡುವ ಕಿರುನಾಳಗಳು ಬೆಳೆಯುವುದಿಲ್ಲ. ಕೋಶಗಳ ನಡುವೆ ನಾರು ತುಂಬಿಕೊಳ್ಳುತ್ತದೆ. ಎಳೆಸೌತೆ ಬಲಿತು ನಾರಾದ ಹಾಗೆ. ನಾರಾದ ಗೋಡೆ ಹಿಂಡುವುದೇನೋ ಹಿಂಡುತ್ತದೆ, ಆದರೆ ಸಡಿಲವಾಗಲು ಒದ್ದಾಡುತ್ತದೆ. ಸಡಿಲವಾಗದಿದ್ದರೆ ಕೋಣೆಗೆ ರಕ್ತ ತುಂಬುವುದಿಲ್ಲ. ತುಂಬದ ರಕ್ತ ಹಿಂದಕ್ಕೆ ಒತ್ತುತ್ತದೆ, ಮೊದಲು ಮೇಲ್ಕೋಣೆಗೆ, ಆಮೇಲೆ ಶ್ವಾಸಕೋಶಕ್ಕೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುವುದು ಇಲ್ಲಿಂದ. ಹಿಗ್ಗಿದ ಮೇಲ್ಕೋಣೆ ಲಯ ತಪ್ಪಿ ಬಡಿಯಲು ಶುರು ಮಾಡಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದು ಮಿದುಳಿಗೆ ಹೋದರೆ ಪಾರ್ಶ್ವವಾಯು.

‘ಹಾರ್ಟ್ ಎನ್ಲಾರ್ಜ್ ಆಗಿದೆ’ ಎಂದು ನಾವು ಹೇಳುವ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿ ಬೆರೆತಿವೆ. ಒಂದು, ಈಗ ಹೇಳಿದ ದಪ್ಪ ಗೋಡೆ. ಇಲ್ಲಿ ಹೃದಯ ಹೊರಗಿನಿಂದ ದೊಡ್ಡದಾಗಿ ಕಾಣಬೇಕೆಂದೇನಿಲ್ಲ. ಗೋಡೆ ಒಳಮುಖವಾಗಿ ಬೆಳೆದು ಕೋಣೆಯೇ ಕಿರಿದಾಗಿರಬಹುದು. ಎದೆಯ ಎಕ್ಸ್‌ರೇ ಆರಾಮಾಗಿ ನಾರ್ಮಲ್ ಬರುತ್ತದೆ. ಇನ್ನೊಂದು, ವರ್ಷಗಟ್ಟಲೆ ಸೆಣಸಿ ಸೋತ ಗೋಡೆ ತೆಳ್ಳಗಾಗಿ, ಕೋಣೆ ಚೀಲದಂತೆ ಹಿಗ್ಗುವುದು. ಎಕ್ಸ್‌ರೇಯಲ್ಲಿ ಎದ್ದು ಕಾಣುವುದು ಇದು. ಬಿಪಿಯಿಂದ ಸಾಮಾನ್ಯವಾಗಿ ಮೊದಲನೆಯದು ಬರುತ್ತದೆ, ಕೆಲವರಲ್ಲಿ ಅದು ಎರಡನೆಯದಕ್ಕೆ ಹೊರಳುತ್ತದೆ, ನಡುವೆ ಹೃದಯಾಘಾತವೂ ಆಗಿದ್ದರೆ ಇನ್ನೂ ಬೇಗ.

ಇನ್ನು ಹಾರ್ಮೋನಿನ ಕಥೆ. ನನಗೆ ಇದರಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಹೃದಯ ಅಂದರೆ ಪಂಪು, ಅಷ್ಟೇ ಎಂದು ನೂರಾರು ವರ್ಷ ನಂಬಿದ್ದರು. 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹೃದಯದ ಮೇಲ್ಕೋಣೆಯ ಕೋಶಗಳಲ್ಲಿ ಸಣ್ಣ ಸಣ್ಣ ಕಾಳುಗಳು ಕಂಡವು. ಹಾರ್ಮೋನ್ ಸುರಿಸುವ ಗ್ರಂಥಿಗಳಲ್ಲಿ ಇರುವಂಥ ಕಾಳುಗಳು. ಪಂಪಿನಲ್ಲಿ ಇದಕ್ಕೇನು ಕೆಲಸ? ಉತ್ತರ ಸಿಗಲು ಕಾಲು ಶತಮಾನ ಹಿಡಿಯಿತು. 1981ರಲ್ಲಿ ಕೆನಡಾದ ಕಿಂಗ್‌ಸ್ಟನ್‌ನಲ್ಲಿ ಅಡಾಲ್ಫೊ ಡಿ ಬೋಲ್ಡ್ ಮತ್ತು ಜೊತೆಗಾರರು ಇಲಿಯ ಮೇಲ್ಕೋಣೆಯನ್ನು ಅರೆದು, ರಸ ತೆಗೆದು, ಬೇರೆ ಇಲಿಗಳಿಗೆ ಚುಚ್ಚಿದರು. ಇಲಿಗಳು ಬೇಗನೆ ಮೂತ್ರ ಸುರಿಸತೊಡಗಿದವು. ಮೂತ್ರ ಹತ್ತು ಪಟ್ಟು ಹೆಚ್ಚಿತು. ಅದರಲ್ಲಿ ಹೋದ ಸೋಡಿಯಂ ಮೂವತ್ತು ಪಟ್ಟಿಗೂ ಹೆಚ್ಚು. ರಕ್ತದೊತ್ತಡ ಇಳಿಯಿತು. ಹೃದಯ ಮೂತ್ರಪಿಂಡಕ್ಕೆ ‘ಉಪ್ಪು ಹೊರಗೆ ಹಾಕು’ ಎಂದು ಹೇಳಿ ಕಳಿಸುತ್ತಿತ್ತು!

ಆ ಹಾರ್ಮೋನಿಗೆ ಎಎನ್‌ಪಿ ಎಂದು ಹೆಸರಾಯಿತು. 1988ರಲ್ಲಿ ಜಪಾನಿನವರು ಅದರ ತಮ್ಮನನ್ನು ಹಂದಿಯ ಮಿದುಳಿನಲ್ಲಿ ಪತ್ತೆ ಹಚ್ಚಿದರು. ಇಂಗ್ಲಿಷಿನಲ್ಲಿ ಮಿದುಳಿನ ಮೊದಲ ಅಕ್ಷರ ಸೇರಿಸಿ ಬಿಎನ್‌ಪಿ ಎಂದು ಕರೆದರು. ಆಮೇಲೆ ನೋಡಿದರೆ ಅದು ಮುಖ್ಯವಾಗಿ ಬರುವುದು ಹೃದಯದ ಕೆಳಕೋಣೆಗಳಿಂದ. ಹುಟ್ಟಿದ ಊರು ಒಂದು, ಹೆಸರಿನಲ್ಲಿ ಇನ್ನೊಂದು.

ಈ ಹಾರ್ಮೋನ್‌ಗಳು ಬಿಡುಗಡೆಯಾಗಲು ಕಾರಣ ಎಳೆತ. ರಕ್ತ ಜಾಸ್ತಿ ತುಂಬಿ ಕೋಣೆಯ ಗೋಡೆ ಹಿಗ್ಗಿದರೆ ಕೋಶಗಳು ಹಾರ್ಮೋನ್ ಬಿಡುತ್ತವೆ. ಅದು ಮೂತ್ರಪಿಂಡದಿಂದ ಉಪ್ಪು-ನೀರು ಹೊರಹಾಕಿಸುತ್ತದೆ, ರಕ್ತನಾಳ ಸಡಿಲಿಸುತ್ತದೆ. ಉಪ್ಪು ಹಿಡಿದಿಡುವ ರೆನಿನ್, ಆಲ್ಡೋಸ್ಟಿರೋನ್ ಎಂಬ ಎದುರಾಳಿ ಹಾರ್ಮೋನ್‌ಗಳನ್ನೂ ತಗ್ಗಿಸುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಹೃದಯದ ಒಳಗೂ ಅದಕ್ಕೆ ಕೆಲಸ ಇದೆ. ಬಿಎನ್‌ಪಿ ತಯಾರಿಸಲಾಗದಂತೆ ವಂಶವಾಹಿ ಬದಲಿಸಿದ ಇಲಿಗಳ ಹೃದಯದಲ್ಲಿ ನಾರು ತುಂಬಿಕೊಂಡಿತು. ಈ ಹಾರ್ಮೋನಿನ ಮಾತು ಕೇಳಿಸಿಕೊಳ್ಳುವ, ಕೋಶಗಳ ಮೇಲಿನ ಗ್ರಾಹಕವನ್ನೇ (ರಿಸೆಪ್ಟರ್) ತೆಗೆದ ಇಲಿಗಳಲ್ಲಿ ಬಿಪಿ ಏರಿತು, ಹೃದಯವೂ ದಪ್ಪವಾಯಿತು. ಅಂದರೆ ಬಿಪಿಗೂ ಹೃದಯದ ದಪ್ಪಕ್ಕೂ ಇದು ಬ್ರೇಕ್ ಇದ್ದ ಹಾಗೆ. 2009ರಲ್ಲಿ ಮನುಷ್ಯರ ವಂಶವಾಹಿಗಳ ಅಧ್ಯಯನವೂ ಇದೇ ದಾರಿಯಲ್ಲಿತ್ತು. ಹುಟ್ಟಿನಿಂದಲೇ ಈ ಹಾರ್ಮೋನ್ ಸ್ವಲ್ಪ ಜಾಸ್ತಿ ಇರುವವರಿಗೆ ಬಿಪಿ ಸ್ವಲ್ಪ ಕಡಿಮೆ.

ಮನೆಯಲ್ಲೇ ಔಷಧಿ ಅಂಗಡಿ ಇದ್ದ ಮೇಲೆ ಬಿಪಿ ಯಾಕೆ ಬರಬೇಕು?

ಎದುರು ಪಕ್ಷ ಜೋರು, ಅದಕ್ಕೆ. ನಮ್ಮ ಶರೀರ ರೂಪುಗೊಂಡಿದ್ದು ಉಪ್ಪು ಸಿಗದ ಕಾಲದಲ್ಲಿ. ಉಪ್ಪು ಹಿಡಿದಿಡುವ ವ್ಯವಸ್ಥೆ ಭದ್ರವಾಗಿದೆ, ಹೊರಹಾಕುವ ವ್ಯವಸ್ಥೆ ಅಷ್ಟಿಲ್ಲ. ಬಿಎನ್‌ಪಿ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಇಪ್ಪತ್ತು ನಿಮಿಷ ಸಾಕು. ನೆಪ್ರಿಲೈಸಿನ್ ಎಂಬ ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ. ಬೊಜ್ಜು ಇದ್ದವರಲ್ಲಿ ಈ ಹಾರ್ಮೋನ್ ಇನ್ನೂ ಕಡಿಮೆ. ಹೊಟ್ಟೆ ಬಂದವರಿಗೆ ಬಿಪಿ ಬರುವ ಹಲವು ದಾರಿಗಳಲ್ಲಿ ಇದೂ ಒಂದು ಎಂದು ಸಂಶೋಧಕರು ನೋಡುತ್ತಿದ್ದಾರೆ. ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಬಿಪಿ ಏರಲು ಶುರುವಾದ ಹೊಸದರಲ್ಲಿ ಹಲವರಲ್ಲಿ ಈ ಹಾರ್ಮೋನ್ ಏರಬೇಕಾದಷ್ಟು ಏರುವುದೇ ಇಲ್ಲ. ನಿಜವಾಗಿ ಜಿಗಿಯುವುದು ಗೋಡೆ ದಪ್ಪವಾಗಿ, ಬಿರುಸಾಗಿ, ಕೋಣೆಯೊಳಗಿನ ಒತ್ತಡ ಹೆಚ್ಚಾದ ಮೇಲೆ. ಆಗ ಕೆಳಕೋಣೆಯ ಕೋಶಗಳು ಭ್ರೂಣದಲ್ಲಿದ್ದಾಗ ಬಳಸಿ ಆಮೇಲೆ ಮುಚ್ಚಿಟ್ಟಿದ್ದ ವಂಶವಾಹಿಗಳನ್ನು ಮತ್ತೆ ತೆರೆಯುತ್ತವೆ. ಮೇಲ್ಕೋಣೆ ಮಾತ್ರ ಮಾಡುತ್ತಿದ್ದ ಎಎನ್‌ಪಿಯನ್ನೂ ಕೆಳಕೋಣೆ ಮಾಡತೊಡಗುತ್ತದೆ. ಹೃದಯ ಸೋಲುವ ಹಂತಕ್ಕೆ ಬಂದಾಗ ರಕ್ತದಲ್ಲಿ ಹಾರ್ಮೋನ್ ರಾಶಿ ರಾಶಿ. ಆದರೆ ಅದರಲ್ಲಿ ಬಹುಪಾಲು ಸರಿಯಾಗಿ ಕತ್ತರಿಸಿ ಸಿದ್ಧವಾಗದ ಕಚ್ಚಾ ಸರಕು. ಸಂಖ್ಯೆ ದೊಡ್ಡದು, ಕೆಲಸ ಕಮ್ಮಿ.

ಹಾಗಾಗಿಯೇ ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಎನ್‌ಟಿ-ಪ್ರೊಬಿಎನ್‌ಪಿ ಸೇರಿಸಿ ‘ಹೃದಯದ ಹಾರ್ಮೋನ್ ಟೆಸ್ಟ್’ ಎಂದು ಮಾರುವುದನ್ನು ಕಂಡರೆ ನನಗೆ ಕಸಿವಿಸಿ. ಎನ್‌ಟಿ-ಪ್ರೊಬಿಎನ್‌ಪಿ ಅಂದರೆ ಬಿಎನ್‌ಪಿ ತಯಾರಾಗುವಾಗ ಕತ್ತರಿಸಿ ಬಿದ್ದ ತುಂಡು. ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಅಳೆಯಲು ಸುಲಭ. ಏದುಸಿರು ಬಿಡುತ್ತಾ ಬಂದವರಲ್ಲಿ ತೊಂದರೆ ಹೃದಯದ್ದೋ ಶ್ವಾಸಕೋಶದ್ದೋ ಎಂದು ತಿಳಿಯಲು ಇದು ಬಹಳ ಒಳ್ಳೆಯ ಪರೀಕ್ಷೆ. ತುರ್ತು ಚಿಕಿತ್ಸೆಗೆ ಬಂದವರಲ್ಲಿ 300ಕ್ಕಿಂತ ಕಡಿಮೆ ಇದ್ದರೆ ಹೃದಯ ವೈಫಲ್ಯ ಇರುವ ಸಾಧ್ಯತೆ ತೀರಾ ಕಡಿಮೆ. ಹೊರರೋಗಿಗಳಿಗೆ ಆ ಗೆರೆ 125. ವಯಸ್ಸಾದವರಲ್ಲಿ, ಕಿಡ್ನಿ ತೊಂದರೆ ಇದ್ದವರಲ್ಲಿ ಹಾಗೇ ಏರಿರುತ್ತದೆ, ದಪ್ಪಗಿರುವವರಲ್ಲಿ ತಗ್ಗಿರುತ್ತದೆ. ಮೂವತ್ತೈದರ, ಮೈತುಂಬಾ ಬೊಜ್ಜಿರುವ, ಬಿಪಿ 150 ಇರುವ ಒಬ್ಬರಿಗೆ ಈ ಟೆಸ್ಟ್ ನಾರ್ಮಲ್ ಬಂತು ಎಂದಿಟ್ಟುಕೊಳ್ಳಿ. ಅವರು ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ. ಆ ನೆಮ್ಮದಿಗೆ ಆಧಾರ ಇಲ್ಲ.

ಇಸಿಜಿಯೂ ಈ ವಿಷಯದಲ್ಲಿ ಅಷ್ಟಕ್ಕಷ್ಟೇ. ದಪ್ಪ ಗೋಡೆ ಇದ್ದರೆ ಗೆರೆಗಳು ಎತ್ತರವಾಗುತ್ತವೆ ನಿಜ. ಎರಡು ಗೆರೆ ಕೂಡಿಸಿ 35 ಮಿಲಿಮೀಟರ್ ದಾಟಿತೇ ಎಂದು ನೋಡುವ 1949ರ ಲೆಕ್ಕವನ್ನು ಇವತ್ತಿಗೂ ಬಳಸುತ್ತಾರೆ. ಆದರೆ ಗೋಡೆ ದಪ್ಪವಾದ ಬಹಳ ಜನರ ಇಸಿಜಿ ಏನೂ ಹೇಳುವುದಿಲ್ಲ. ಗೋಡೆಯನ್ನು ಅಳೆದು ಹೇಳುವುದು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್.

ಎಕೋ ಅಂದಾಗ ನಮ್ಮ ಸೋದರಮಾವನ ರಿಪೋರ್ಟ್ ನೆನಪಾಗುತ್ತದೆ. ಅರಸೀಕೆರೆ ಕಡೆಯವರು, ತೆಂಗಿನ ತೋಟ, ಅರವತ್ತೊಂದು ವಯಸ್ಸು. ಎರಡು ವರ್ಷದ ಹಿಂದೆ ಬಿಪಿ ಮಾತ್ರೆ ಬಿಟ್ಟಿದ್ದರು. ‘ಮಾವ, ಯಾಕೆ ಬಿಟ್ರಿ?’ ಅಂದರೆ, ‘ನಾರ್ಮಲ್ ಬಂತಲ್ಲಪ್ಪ, ಇನ್ಯಾಕೆ?’ ಅಂದರು. ನಾರ್ಮಲ್ ಬಂದಿದ್ದೇ ಮಾತ್ರೆಯಿಂದ. ಈ ತರ್ಕ ನಮ್ಮೂರಲ್ಲಿ ಮನೆಮನೆಯಲ್ಲಿದೆ. ಆಮೇಲೆ ಅಟ್ಟ ಹತ್ತಿದರೆ ಉಸಿರು, ಮಲಗಲು ಎರಡು ದಿಂಬು. ಎಕೋ ರಿಪೋರ್ಟ್ ತಂದು ಅತ್ತೆ ನನ್ನ ಕೈಗಿಟ್ಟರು. ಇಎಫ್ 60 ಪರ್ಸೆಂಟ್ ಎಂದಿತ್ತು. ‘ಬರೀ ಅರವತ್ತಾ? ಇನ್ನು ನಲವತ್ತು ಹೋಯ್ತಾ?’ ಅತ್ತೆಯ ಕಣ್ಣಲ್ಲಿ ನೀರು.

ಇಎಫ್ ಪರೀಕ್ಷೆಯ ಮಾರ್ಕ್ಸ್ ಇದ್ದ ಹಾಗಲ್ಲ. ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಎನ್ನುವ ಲೆಕ್ಕ. ಯಾರಿಗೂ ನೂರು ಬರುವುದಿಲ್ಲ. 55ರಿಂದ 70 ಇದ್ದರೆ ಸರಿ. ಮಾವನ ಹೃದಯ ಹಿಂಡುವುದರಲ್ಲಿ ಪಾಸು. ತೊಂದರೆ ಇದ್ದಿದ್ದು ಕೆಳಗಿನ ಎರಡು ಸಾಲಿನಲ್ಲಿ. ‘ಕಾನ್ಸೆಂಟ್ರಿಕ್ ಎಲ್‌ವಿಎಚ್’, ಅಂದರೆ ಸುತ್ತಲೂ ಸಮನಾಗಿ ದಪ್ಪವಾದ ಗೋಡೆ, 14 ಮಿಲಿಮೀಟರ್. ‘ಗ್ರೇಡ್ 2 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’, ಅಂದರೆ ಸಡಿಲವಾಗಿ ತುಂಬಿಕೊಳ್ಳಲು ಕಷ್ಟ. ರಕ್ತದಲ್ಲಿ ಎನ್‌ಟಿ-ಪ್ರೊಬಿಎನ್‌ಪಿ 680. ಹೃದಯ ಸಹಾಯಕ್ಕೆ ಕೂಗುತ್ತಿತ್ತು. ಅದಕ್ಕೂ ಮೊದಲು ಇಷ್ಟು ವರ್ಷ ತೋಳಿಗೆ ಪಟ್ಟಿ ಸುತ್ತಿ ಕೇಳಿದ್ದರೆ ಸಾಕಿತ್ತು.

ದಪ್ಪವಾದ ಗೋಡೆ ಮತ್ತೆ ಇಳಿಯುತ್ತದೆಯೇ? ಇಳಿಯುತ್ತದೆ. ಈ ಲೇಖನ ಬರೆಯಲು ಕೂತಿದ್ದೂ ಅದಕ್ಕೇ. 2002ರಲ್ಲಿ ಪ್ರಕಟವಾದ ‘ಲೈಫ್’ ಎಂಬ ಅಧ್ಯಯನ 9,193 ಜನರನ್ನು ತೆಗೆದುಕೊಂಡಿತ್ತು. ಎಲ್ಲರಿಗೂ ಬಿಪಿ, ಎಲ್ಲರ ಇಸಿಜಿಯಲ್ಲೂ ದಪ್ಪ ಗೋಡೆಯ ಗುರುತು. ಅರ್ಧ ಜನಕ್ಕೆ ಲೊಸಾರ್ಟನ್, ಅರ್ಧ ಜನಕ್ಕೆ ಅಟೆನೊಲಾಲ್. ಎರಡೂ ಗುಂಪಿನಲ್ಲಿ ಬಿಪಿ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯಿತು. ಆದರೂ ಲೊಸಾರ್ಟನ್ ಗುಂಪಿನಲ್ಲಿ ಗೋಡೆ ಹೆಚ್ಚು ಇಳಿಯಿತು, ಪಾರ್ಶ್ವವಾಯು 25 ಪರ್ಸೆಂಟ್ ಕಡಿಮೆಯಾಯಿತು. ಲೊಸಾರ್ಟನ್, ಟೆಲ್ಮಿಸಾರ್ಟನ್‌ನಂಥ ಮಾತ್ರೆಗಳು ತಡೆಯುವುದು ಆ ಎದುರು ಪಕ್ಷವನ್ನೇ, ಉಪ್ಪು ಹಿಡಿದಿಟ್ಟು ಹೃದಯವನ್ನು ನಾರಾಗಿಸುವ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನಿನ ಕೆಲಸವನ್ನು.

ಇನ್ನೊಂದು ಬುದ್ಧಿವಂತಿಕೆ ಆಮೇಲೆ ಬಂತು. ಎದುರಾಳಿಯನ್ನು ತಡೆಯುವ ಜೊತೆಗೆ ನಮ್ಮವರನ್ನೂ ಉಳಿಸಿದರೆ? ಸಕುಬಿಟ್ರಿಲ್ ಎಂಬ ಔಷಧಿ ಹಾರ್ಮೋನ್ ಕತ್ತರಿಸುವ ನೆಪ್ರಿಲೈಸಿನ್ ಕಿಣ್ವವನ್ನು ಕಟ್ಟಿಹಾಕುತ್ತದೆ. ಅದನ್ನು ಲೊಸಾರ್ಟನ್ ಜಾತಿಯದೇ ಆದ ವಲ್ಸಾರ್ಟನ್ ಜೊತೆ ಸೇರಿಸಿ ಸುಮಾರು 8,400 ಹೃದಯ ವೈಫಲ್ಯದ ರೋಗಿಗಳ ಮೇಲೆ ನೋಡಿದರು. ಹಳೆಯ ಎನಾಲಪ್ರಿಲ್‌ಗೆ ಹೋಲಿಸಿದರೆ ಹೃದಯದ ಕಾರಣಕ್ಕೆ ಸಾಯುವುದು ಅಥವಾ ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದು 20 ಪರ್ಸೆಂಟ್ ಕಡಿಮೆಯಾಗಿತ್ತು. ಅದು 2014ರ ಫಲಿತಾಂಶ. ಭಾರತದಲ್ಲಿ 2023ರಿಂದ ಹಲವು ಕಂಪನಿಗಳು ಇದನ್ನು ಮಾಡತೊಡಗಿದ ಮೇಲೆ ಬೆಲೆಯೂ ಇಳಿಯಿತು. ಒಂದು ಸಣ್ಣ ಎಚ್ಚರಿಕೆ: ಈ ಮಾತ್ರೆ ತಗೊಳ್ಳುವವರ ರಕ್ತದಲ್ಲಿ ಬಿಎನ್‌ಪಿ ಕತ್ತರಿಸಿ ಹೋಗದೆ ಉಳಿಯುವುದರಿಂದ ಆ ಟೆಸ್ಟ್ ದಾರಿ ತಪ್ಪಿಸಬಹುದು. ಅವರಿಗೆ ಎನ್‌ಟಿ-ಪ್ರೊಬಿಎನ್‌ಪಿಯನ್ನೇ ನೋಡಬೇಕು.

ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ಜನರ ಹೃದಯವನ್ನು ಹಿಂಬಾಲಿಸುತ್ತಿದ್ದಾರೆ. ಅಲ್ಲಿ ಹೃದಯ ವೈಫಲ್ಯಕ್ಕೆ ಬಂದವರಲ್ಲಿ 91 ಪರ್ಸೆಂಟ್ ಜನಕ್ಕೆ ಅದಕ್ಕೂ ಮೊದಲೇ ಬಿಪಿ ಇತ್ತು. ನಮ್ಮಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಹದಿನೈದು ದಾಟಿದ ಹೆಂಗಸರಲ್ಲಿ 21, ಗಂಡಸರಲ್ಲಿ 24 ಪರ್ಸೆಂಟ್ ಜನಕ್ಕೆ ಬಿಪಿ ಹೆಚ್ಚಿತ್ತು, ಇಲ್ಲವೇ ಅದಕ್ಕೆ ಮಾತ್ರೆ ತಗೊಳ್ಳುತ್ತಿದ್ದರು. ಕರ್ನಾಟಕ ಸರ್ಕಾರ 2024ರ ಅಕ್ಟೋಬರಿನಲ್ಲಿ ಕೋಲಾರದಿಂದ ‘ಗೃಹ ಆರೋಗ್ಯ’ ಶುರು ಮಾಡಿತು. ಮನೆಬಾಗಿಲಿಗೆ ಬಂದು ಬಿಪಿ, ಸಕ್ಕರೆ ನೋಡುವ ಯೋಜನೆ. ಹಾಸನದ ಗಲಾಟೆಯ ಹೊತ್ತಿನಲ್ಲಿ ಇದರ ಬಗ್ಗೆ ಟಿವಿಯಲ್ಲಿ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ. ಇಸಿಜಿ ಸಾಲಿಗೆ ಕ್ಯಾಮೆರಾ ಹೋಗುತ್ತದೆ, ಆಶಾ ಕಾರ್ಯಕರ್ತೆಯ ಬ್ಯಾಗಿಗೆ ಯಾಕೆ ಹೋಗುತ್ತದೆ ಹೇಳಿ!

ಉಪ್ಪಿನ ವಿಷಯ ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ, ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಒಂದು ಟೀ ಚಮಚ, ಎಲ್ಲ ಸೇರಿ. ಸಾರಿನ ಉಪ್ಪು ಮಾತ್ರ ಲೆಕ್ಕ ಹಾಕಿದರೆ ಸಾಲದು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಇವೆ. ಬೇಕರಿಯ ಖಾರಾ ಬನ್ನೂ ಇದೆ. ಬೆಂಗಳೂರಿಗೆ ಅಯ್ಯಂಗಾರ್ ಬೇಕರಿ ಕೊಟ್ಟಿದ್ದೇ ಹಾಸನದವರು, ಏನು ಮಾಡೋಣ. ಉಪ್ಪು ಕಡಿಮೆಯಾದರೆ ಹೃದಯದ ಹಾರ್ಮೋನಿಗೆ ಹೊರಹಾಕಬೇಕಾದ ಹೊರೆ ಅಷ್ಟು ಕಡಿಮೆ. ಚೀನಾದ ಹಳ್ಳಿಗಳಲ್ಲಿ ಉಪ್ಪಿನ ಕಾಲುಭಾಗವನ್ನು ಪೊಟ್ಯಾಸಿಯಂ ಉಪ್ಪಿಗೆ ಬದಲಾಯಿಸಿ ನೋಡಿದರು. 2021ರ ಫಲಿತಾಂಶದಲ್ಲಿ ಪಾರ್ಶ್ವವಾಯು 14 ಪರ್ಸೆಂಟ್ ಕಡಿಮೆಯಾಗಿತ್ತು. ಕಿಡ್ನಿ ತೊಂದರೆ ಇದ್ದವರು, ಕೆಲವು ಬಗೆಯ ಬಿಪಿ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಈ ಉಪ್ಪಿಗೆ ಕೈಹಾಕಬಾರದು. ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯ.

ಮನೆಯಲ್ಲಿ ಬಿಪಿ ನೋಡುವಾಗ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಬೇಕು. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ತೋಳು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಮಾತು ಬೇಡ. ಆಸ್ಪತ್ರೆಯಲ್ಲಿ 140/90 ಎಂಬ ಗೆರೆ ಮನೆಯಲ್ಲಿ 135/85 ಆಗುತ್ತದೆ.

ಮಾವ ಈಗ ಬೆಳಗ್ಗೆ ಎದ್ದು ಇದನ್ನು ಮಾಡುತ್ತಾರೆ. ಓದಿದ ಸಂಖ್ಯೆಯನ್ನು ಡೇರಿಗೆ ಹಾಲು ಹಾಕುವ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯುತ್ತಾರೆ. ಮುಂದಿನ ಪುಟಗಳಲ್ಲಿ ಲೀಟರ್ ಮತ್ತು ಫ್ಯಾಟು, ಹಿಂದಿನ ಪುಟಗಳಲ್ಲಿ ಬಿಪಿ. ಹದಿನಾಲ್ಕು ತಿಂಗಳ ಮೇಲೆ ಮತ್ತೆ ಎಕೋ ಮಾಡಿಸಿದಾಗ ಗೋಡೆ 12 ಮಿಲಿಮೀಟರ್. ದಿಂಬು ಒಂದಕ್ಕೆ ಇಳಿದಿದೆ. ‘ಇನ್ನು ಮಾತ್ರೆ ಬಿಡಬಹುದಾ?’ ಎಂದು ಮೊನ್ನೆ ಫೋನಿನಲ್ಲಿ ಮತ್ತೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು.